ಆರೋಗ್ಯ ಕೇಂದ್ರದ ಔಷಧ ಕೌಂಟರ್ ಮತ್ತು ರೋಗಿಯ ತೃಪ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದಾಯ ಆರೋಗ್ಯ ಕೇಂದ್ರಕ್ಕೆ ಬಂದ ರೋಗಿ ಮನೆಗೆ ಹೊರಡುವ ಮುನ್ನ ಕೊನೆಗೆ ನಿಲ್ಲುವುದು ಔಷಧ ಕೊಡುವ ಕಿಟಕಿಯ ಮುಂದೆ. ಅಲ್ಲಿ ಸಿಗುವ ಸೇವೆಯ ಬಗ್ಗೆ ರೋಗಿಗಳು, ಫಾರ್ಮಸಿಸ್ಟರು, ಕೇಂದ್ರ ನಡೆಸುವವರು ಮತ್ತು ಸಮೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಿಯ ಕೈಗೆ ಸರಿಯಾದ ಔಷಧ ಬರಬೇಕು, ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದು ಅವರಿಗೆ ಗೊತ್ತಾಗಬೇಕು. ಇವೆರಡನ್ನೂ ನೋಡದೆ ಬರೀ ತೃಪ್ತಿಯ ಅಂಕ ಹಿಡಿದು ಕೂತರೆ ಉಪಯೋಗವಿಲ್ಲ.

ರೋಗಿಯ ತೃಪ್ತಿ ಎಂದರೆ ನಿಜಕ್ಕೂ ಏನು? ಔಷಧ ಸಿಕ್ಕಿದರೆ ಸಾಕಲ್ವಾ?

ಔಷಧ ಸಿಗುವುದು ಮೊದಲ ಮೆಟ್ಟಿಲು. ಆದರೆ ರೋಗಿ ಮನಸ್ಸಿನಲ್ಲಿ ಏನೋ ಒಂದು ನಿರೀಕ್ಷೆ ಇಟ್ಟುಕೊಂಡು ಬಂದಿರುತ್ತಾರೆ. ಬೇಗ ಕೆಲಸ ಆಗಬೇಕು, ಎಲ್ಲಾ ಮಾತ್ರೆಗಳೂ ಸಿಗಬೇಕು, ಯಾರಾದರೂ ನಿಂತು ಎರಡು ಮಾತು ಹೇಳಬೇಕು, ಗದರಬಾರದು. ಈ ನಿರೀಕ್ಷೆಗೂ ನಿಜವಾಗಿ ಸಿಕ್ಕಿದ್ದಕ್ಕೂ ನಡುವಿನ ಅಂತರವೇ ಅತೃಪ್ತಿ. ಅದಕ್ಕೇ ಒಂದೇ ಕೌಂಟರ್, ಒಂದೇ ದಿನ, ಇಬ್ಬರು ರೋಗಿಗಳು ಬೇರೆ ಬೇರೆ ಮಾತು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಿಂದೆಂದೂ ಒಳ್ಳೆಯ ಸೇವೆ ಕಾಣದವರ ನಿರೀಕ್ಷೆ ತೀರಾ ಕೆಳಗಿರುತ್ತದೆ. ಅವರು ಸಿಕ್ಕಿದ್ದಕ್ಕೇ ಸಂತೋಷಪಡುತ್ತಾರೆ. ಈ ಒಂದು ವಿಷಯ ಮರೆತರೆ ಮುಂದಿನ ಎಲ್ಲಾ ಲೆಕ್ಕವೂ ತಪ್ಪುತ್ತದೆ.

ಇದನ್ನು ಅಳೆಯುವ ಅಗತ್ಯವೇನು? ಕಾಯಿಲೆ ವಾಸಿಯಾದರೆ ಆಯಿತಲ್ಲ?

ವಾಸಿಯಾಗುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಬಿಪಿ, ಶುಗರ್, ಆಸ್ತಮಾ, ಕ್ಷಯದಂಥ ಕಾಯಿಲೆಗಳಲ್ಲಿ ಔಷಧವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವನವಿಡೀ ತೆಗೆದುಕೊಳ್ಳಬೇಕು. ದೀರ್ಘಕಾಲದ ಚಿಕಿತ್ಸೆಯಲ್ಲಿ ಹೇಳಿದಂತೆ ಔಷಧ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸುಮಾರು ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತು. ಉಳಿದ ಕಡೆ ಸ್ಥಿತಿ ಇನ್ನೂ ಕೆಳಗೆ.

ಅರ್ಧಕ್ಕೆ ಬಿಡಲು ಕಾರಣ ಹಲವು. ಮರೆವು, ಹಣ, ಅಡ್ಡಪರಿಣಾಮದ ಭಯ, ಹುಷಾರಾಗಿದೆ ಎಂಬ ಭಾವನೆ. ಇವುಗಳಲ್ಲಿ ಕೆಲವನ್ನಾದರೂ ಔಷಧದ ಕಿಟಕಿಯಲ್ಲಿ ಆಡುವ ಮಾತು ಸರಿಪಡಿಸಬಲ್ಲದು. ಬೇಸರಪಟ್ಟು ಹೋದವರು ಮುಂದಿನ ತಿಂಗಳು ಮಾತ್ರೆ ಮುಗಿದರೂ ವಾಪಸ್ ಬರುವುದಿಲ್ಲ. ಆಗ ವೈದ್ಯರು ಎಷ್ಟೇ ಸರಿಯಾಗಿ ಬರೆದುಕೊಟ್ಟಿದ್ದರೂ ಅದು ಚೀಟಿಯಲ್ಲೇ ಉಳಿಯುತ್ತದೆ.

ಇಡೀ ಕೇಂದ್ರದ ಸೇವೆಯನ್ನು ಒಟ್ಟಿಗೆ ಕೇಳಿದರೆ ಆಗಲ್ವಾ? ಔಷಧ ವಿಭಾಗ ಯಾಕೆ ಬೇರೆ?

ಒಟ್ಟಿಗೆ ಕೇಳಿದರೆ ಎಲ್ಲಾ ಕಲಸಿಹೋಗುತ್ತದೆ. ವೈದ್ಯರು ಚೆನ್ನಾಗಿ ಮಾತನಾಡಿಸಿದ್ದರೆ ರೋಗಿ ಎಲ್ಲದಕ್ಕೂ ಒಳ್ಳೆಯ ಅಂಕ ಕೊಡುತ್ತಾರೆ. ಬೆಳಗ್ಗೆ ನೋಂದಣಿಯಲ್ಲಿ ಜಗಳ ಆಗಿದ್ದರೆ ಫಾರ್ಮಸಿಗೂ ಅದೇ ಸಿಟ್ಟು ತಟ್ಟುತ್ತದೆ. ಯಾವುದನ್ನು ಸರಿಪಡಿಸಬೇಕು ಎಂಬುದೇ ತಿಳಿಯುವುದಿಲ್ಲ. ಬೇರೆ ಕೇಳಿ.

ರೋಗಿಗಳಿಗೆ ಅತಿ ಹೆಚ್ಚು ಬೇಸರ ತರುವುದು ಯಾವುದು?

ಎರಡು ವಿಷಯಗಳು ಪದೇ ಪದೇ ಬರುತ್ತವೆ. ಒಂದು, ಬರೆದುಕೊಟ್ಟ ಔಷಧ ಸ್ಟಾಕ್ ಇಲ್ಲದಿರುವುದು. ಇನ್ನೊಂದು, ಕಾಯುವುದು. ಇವು ರೋಗಿಯ ಕಣ್ಣಿಗೆ ಕಾಣುತ್ತವೆ, ಆದ್ದರಿಂದ ದೂರಾಗಿ ಹೊರಬರುತ್ತವೆ.

ಆದರೆ ಮೂರನೆಯದು ಒಂದಿದೆ. ಅದರ ಬಗ್ಗೆ ಯಾರೂ ದೂರುವುದಿಲ್ಲ. ಔಷಧದ ಬಗ್ಗೆ ಏನನ್ನೂ ಹೇಳದಿರುವುದು. ಏನು ಹೇಳಬೇಕಿತ್ತು ಎಂಬುದೇ ರೋಗಿಗೆ ಗೊತ್ತಿಲ್ಲದಿದ್ದರೆ ಅದು ಸಿಗಲಿಲ್ಲ ಎಂದು ಅವರು ಹೇಗೆ ಹೇಳಿಯಾರು? ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ದೂರುಪೆಟ್ಟಿಗೆ ಖಾಲಿ ಇದೆ ಎಂದ ಮಾತ್ರಕ್ಕೆ ಇದು ಇಲ್ಲ ಅಂತಲ್ಲ.

ಎಷ್ಟು ಹೊತ್ತು ಕಾಯಿಸಿದರೆ ಪರವಾಗಿಲ್ಲ?

ಎಲ್ಲಾ ಕಡೆಗೂ ಹೊಂದುವ ಒಂದು ನಿಮಿಷದ ಲೆಕ್ಕ ಇಲ್ಲ. ಸಿದ್ಧ ಮಾತ್ರೆ ಎಣಿಸಿ ಕೊಡುವುದಕ್ಕೂ, ಪುಡಿ ಕಲಸಿ ಸಿರಪ್ ಮಾಡಿ ಕೊಡುವುದಕ್ಕೂ ಬೇರೆ ಬೇರೆ ಹೊತ್ತು ಬೇಕು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಅರ್ಥವಿಲ್ಲದ ಅಂಕಿ ಬರುತ್ತದೆ.

ಗಡಿಯಾರದ ಸಮಯ ಒಂದು, ಮನಸ್ಸಿಗೆ ಅನಿಸುವ ಸಮಯ ಇನ್ನೊಂದು. ಸರದಿಯಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಮಾತುಗಳು ಇವತ್ತಿಗೂ ಸರಿ. ಏನೂ ಮಾಡದೆ ಕೂತ ಹೊತ್ತು ಉದ್ದ ಅನಿಸುತ್ತದೆ. ಕಾರಣ ಗೊತ್ತಿಲ್ಲದೆ ಕಾಯುವುದು ಇನ್ನೂ ಉದ್ದ. ಆತಂಕ ಇದ್ದರೆ ಮತ್ತಷ್ಟು. ಆಮೇಲೆ ಬಂದವರಿಗೆ ಮೊದಲು ಕೊಟ್ಟರಂತೂ ತಡೆಯಲಾಗದು. ಕೇಂದ್ರಕ್ಕೆ ಬಂದ ರೋಗಿಗೆ ಈ ನಾಲ್ಕೂ ಒಟ್ಟಿಗೆ ಕಾಡುತ್ತವೆ.

ಹಾಗಾಗಿ ಖರ್ಚಿಲ್ಲದೆ ಮಾಡಬಹುದಾದದ್ದು ಬಹಳ ಇದೆ. ಟೋಕನ್ ಕೊಡಿ, ಸರದಿ ಮೀರುವುದು ನಿಲ್ಲುತ್ತದೆ. ತುರ್ತಿನವರನ್ನು, ತೀರಾ ಕೈಲಾಗದವರನ್ನು ಮುಂದೆ ಬಿಡುವ ನಿಯಮವಿದ್ದರೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ತಡವಾದರೆ ಯಾಕೆ ಎಂದು ಒಂದು ಮಾತು ಹೇಳಿ. ಕೂರಲು ಬೆಂಚು, ಮೇಲೊಂದು ಸೂರು, ಕುಡಿಯಲು ನೀರು ಇರಲಿ. ತಿಂಗಳ ಔಷಧಕ್ಕೆ ಬರುವವರಿಗೆ ಬೇರೆ ಬೇರೆ ದಿನ ಗೊತ್ತುಮಾಡಿದರೆ ಒಂದೇ ಬೆಳಗ್ಗೆ ಎಲ್ಲರೂ ಮುಗಿಬೀಳುವುದು ತಪ್ಪುತ್ತದೆ. ಸಾಮಾನ್ಯವಾಗಿ ಬೇಕಾಗುವ ಮಾತ್ರೆಗಳನ್ನು ಜನ ಕಡಿಮೆ ಇರುವ ಹೊತ್ತಿನಲ್ಲಿ ಎಣಿಸಿ, ಹೆಸರು, ಬ್ಯಾಚ್, ಎಕ್ಸ್‌ಪೈರಿ ಬರೆದ ಪೊಟ್ಟಣ ಮಾಡಿಟ್ಟುಕೊಳ್ಳುವುದೂ ಒಂದು ದಾರಿ.

ಬೇಗ ಬೇಗ ಕೊಟ್ಟು ಕಳಿಸಿದರೆ ತೃಪ್ತಿ ಜಾಸ್ತಿ ಆಗುತ್ತದೆ, ಸರಿ ತಾನೆ?

ಸರದಿ ಕರಗುತ್ತದೆ, ಅಷ್ಟೇ. ಇಲ್ಲಿ ಎರಡು ಸಮಯಗಳನ್ನು ಬೇರೆ ಮಾಡಿ ನೋಡಬೇಕು. ಸರದಿಯಲ್ಲಿ ಕಾಯುವ ಸಮಯ ಕಡಿಮೆ ಆಗಬೇಕು. ಕಿಟಕಿಯಲ್ಲಿ ಮುಖಾಮುಖಿ ಸಿಗುವ ಸಮಯ ಕಡಿಮೆ ಆಗಬಾರದು.

ಆರೋಗ್ಯ ಕೇಂದ್ರಗಳಲ್ಲಿ ಔಷಧ ಬಳಕೆಯನ್ನು ನೋಡಲು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕೆಲವು ಅಳತೆಗಳನ್ನು ಕೊಟ್ಟಿತು. ರೋಗಿಯ ಆರೈಕೆಗೆ ಸಂಬಂಧಿಸಿದ ಅಳತೆಗಳು ಅದರಲ್ಲಿ ಐದು: ವೈದ್ಯರು ನೋಡುವ ಸರಾಸರಿ ಸಮಯ, ಔಷಧ ಕೊಡುವ ಸರಾಸರಿ ಸಮಯ, ಬರೆದ ಔಷಧಗಳಲ್ಲಿ ಎಷ್ಟು ನಿಜವಾಗಿ ಕೊಟ್ಟರು, ಎಷ್ಟರ ಮೇಲೆ ಸರಿಯಾದ ಲೇಬಲ್ ಇತ್ತು, ರೋಗಿಗೆ ಸರಿಯಾದ ಡೋಸ್ ಗೊತ್ತಿದೆಯಾ. ಔಷಧ ಕೊಡುವ ಸಮಯ ಎಂದರೆ ರೋಗಿ ಕಿಟಕಿಗೆ ಬಂದು ಅಲ್ಲಿಂದ ಹೊರಡುವವರೆಗಿನ ಸಮಯ. ಕಾದ ಹೊತ್ತನ್ನು ಇದಕ್ಕೆ ಸೇರಿಸುವಂತಿಲ್ಲ. ಹಲವು ಸಮೀಕ್ಷೆಗಳು ಮುಗ್ಗರಿಸುವುದು ಇಲ್ಲೇ. ಎರಡನ್ನೂ ಸೇರಿಸಿ ‘ಸಮಯ’ ಎಂದು ಬರೆದುಬಿಡುತ್ತವೆ. ಆಮೇಲೆ ಅದನ್ನು ಇಳಿಸಲು ಹೋಗಿ ಮಾತನ್ನೇ ಕತ್ತರಿಸುತ್ತಾರೆ.

ಔಷಧ ಕೊಡುವಾಗ ಏನೇನು ಹೇಳಬೇಕು?

ಚೀಟಿಯಲ್ಲಿರುವುದನ್ನು ಓದಿ ಹೇಳಿದರೆ ಸಾಲದು. ‘ದಿನಕ್ಕೆ ಮೂರು ಸಲ’ ಎಂದಾಗ ಒಬ್ಬರು ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ತೆಗೆದುಕೊಳ್ಳುತ್ತಾರೆ. ಊಟ ಎರಡೇ ಹೊತ್ತು ಮಾಡುವವರು ಎರಡೇ ತೆಗೆದುಕೊಳ್ಳುತ್ತಾರೆ. ಎಷ್ಟು, ಯಾವಾಗ, ಎಷ್ಟು ದಿನ, ಊಟಕ್ಕೆ ಮೊದಲೋ ಆಮೇಲೋ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಇದಿಷ್ಟನ್ನಂತೂ ಹೇಳಲೇಬೇಕು. ಯಾವ ಮಾತ್ರೆ ಯಾವುದಕ್ಕೆ ಎಂದು ತಿಳಿದರೆ ರೋಗಿ ಅದನ್ನು ಬಿಡುವ ಸಾಧ್ಯತೆ ಕಡಿಮೆ.

ಔಷಧಕ್ಕೆ ತಕ್ಕ ಮಾತು ಬೇರೆ ಇದೆ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಔಷಧ ನಿಲ್ಲಿಸುತ್ತಾರೆ. ಸ್ಟೆರಾಯ್ಡ್ ಇರುವ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಬೇಕು. ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಆರ್‌ಎಸ್ ಕಲಸಿದ ನೀರನ್ನು 24 ಗಂಟೆಯ ನಂತರ ಚೆಲ್ಲಬೇಕು.

ಮಕ್ಕಳ ಸಿರಪ್ ಇನ್ನೂ ಸೂಕ್ಷ್ಮ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆಯವು. ಟೀ ಚಮಚದ 5 ಮಿಲಿ ಡೋಸನ್ನು ಟೇಬಲ್ ಚಮಚದಲ್ಲಿ ಕೊಟ್ಟರೆ 15 ಮಿಲಿ ಆಗುತ್ತದೆ, ಅಂದರೆ ಮೂರು ಪಟ್ಟು. ಬಾಟಲಿಯ ಜೊತೆ ಅಳತೆಯ ಮುಚ್ಚಳವೋ ಸಿರಿಂಜೋ ಕೊಟ್ಟು, ಎಲ್ಲಿಯವರೆಗೆ ತುಂಬಬೇಕು ಎಂದು ಗೆರೆ ತೋರಿಸಿ. ಇದಕ್ಕೆ ಅರ್ಧ ನಿಮಿಷ ಸಾಕು.

ಇನ್ನೊಂದು ಮಾತು. ಹೋದ ತಿಂಗಳು ಬಿಳಿ ಮಾತ್ರೆ ಕೊಟ್ಟಿದ್ದೀರಿ, ಈ ತಿಂಗಳು ಬೇರೆ ಕಂಪನಿಯ ಹಳದಿ ಮಾತ್ರೆ ಬಂದಿದೆ. ಔಷಧ ಅದೇ. ಆದರೆ ಹೇಳದಿದ್ದರೆ ಕೆಲವರು ಮನೆಯಲ್ಲಿ ಉಳಿದ ಬಿಳಿಯದನ್ನೂ ಹಳದಿಯದನ್ನೂ ಎರಡೂ ನುಂಗುತ್ತಾರೆ. ಇನ್ನು ಕೆಲವರು ತಪ್ಪು ಮಾತ್ರೆ ಕೊಟ್ಟಿದ್ದಾರೆ ಎಂದು ಎತ್ತಿಡುತ್ತಾರೆ. ಬಣ್ಣ ಬದಲಾದಾಗ ತಪ್ಪದೆ ಹೇಳಿ.

ಇಷ್ಟೆಲ್ಲಾ ಹೇಳಿದರೂ ರೋಗಿಗೆ ನೆನಪಿರುತ್ತಾ?

ಎಲ್ಲವೂ ಇರುವುದಿಲ್ಲ. ವೈದ್ಯಕೀಯ ಮಾಹಿತಿಯಲ್ಲಿ ಶೇಕಡಾ 40ರಿಂದ 80ರಷ್ಟು ಕೇಳಿದ ಕೂಡಲೇ ಮರೆತುಹೋಗುತ್ತದೆ ಎಂದು ರಾಯ್ ಕೆಸೆಲ್ಸ್ 2003ರಲ್ಲಿ ಬರೆದರು. ಜಾಸ್ತಿ ಹೇಳಿದಷ್ಟೂ ಜಾಸ್ತಿ ಮರೆಯುತ್ತದೆ. ಆದ್ದರಿಂದ ಮುಖ್ಯವಾದದ್ದನ್ನು ಮೊದಲು ಹೇಳಿ, ಕಡಿಮೆ ಹೇಳಿ, ಆಮೇಲೆ ರೋಗಿಯ ಬಾಯಿಂದಲೇ ಹೇಳಿಸಿ.

‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದು ಉತ್ತರವೇ ಅಲ್ಲ. ‘ನಾನು ಸರಿಯಾಗಿ ಹೇಳಿದೆನಾ ಗೊತ್ತಾಗಬೇಕು, ಮನೆಗೆ ಹೋಗಿ ಇದನ್ನು ಹೇಗೆ ತಗೋತೀರಿ ಹೇಳಿ ನೋಡೋಣ’ ಎಂದು ಕೇಳಿ. ಆಗ ಪರೀಕ್ಷೆ ರೋಗಿಗಲ್ಲ, ಹೇಳಿದವರಿಗೆ. ಅವರಿಗೆ ಅವಮಾನವೂ ಅನಿಸುವುದಿಲ್ಲ. ಅಮೆರಿಕದ ಮೂಲನಿವಾಸಿಗಳ ಆರೋಗ್ಯ ಸೇವೆಯಲ್ಲಿ ಫಾರ್ಮಸಿಸ್ಟರು ಇದನ್ನು ಮೂರು ಪ್ರಶ್ನೆಗಳಾಗಿ ರೂಢಿಸಿದರು. ಈ ಔಷಧ ಯಾತಕ್ಕೆ ಎಂದು ವೈದ್ಯರು ಹೇಳಿದರು? ಹೇಗೆ ತೆಗೆದುಕೊಳ್ಳಲು ಹೇಳಿದರು? ತೆಗೆದುಕೊಂಡರೆ ಏನಾಗುತ್ತದೆ ಎಂದರು? ರೋಗಿಗೆ ಗೊತ್ತಿರುವುದನ್ನು ಬಿಟ್ಟು, ಗೊತ್ತಿಲ್ಲದ್ದನ್ನು ಮಾತ್ರ ಹೇಳಿದರೆ ಸಾಕು. ಸಮಯವೂ ಉಳಿಯುತ್ತದೆ.

ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಏನು ಮಾಡಬೇಕು?

ಸೂರ್ಯ, ಚಂದ್ರ, ತಟ್ಟೆಯ ಚಿತ್ರಗಳು ನೆರವಾಗುತ್ತವೆ. ಆದರೆ ಬರೀ ಚಿತ್ರ ಅಂಟಿಸಿ ಕಳಿಸಬೇಡಿ, ಬೆರಳಿಟ್ಟು ತೋರಿಸಿ ಹೇಳಿ. ಅಕ್ಷರ ದಪ್ಪವಾಗಿರಲಿ. ಜೊತೆಗೆ ಬಂದವರಿಗೂ ಹೇಳಿ, ಆದರೆ ಮಾತು ರೋಗಿಯ ಮುಖ ನೋಡಿಯೇ ಇರಲಿ. ವಯಸ್ಸಾದವರನ್ನು ಬಿಟ್ಟು ಮಗನ ಜೊತೆಗಷ್ಟೇ ಮಾತನಾಡುವುದು ಅವರಿಗೆ ನೋವು ತರುತ್ತದೆ.

ಲೇಬಲ್ ಮೇಲೆ ಕನಿಷ್ಠ ಏನಿರಬೇಕು?

ರೋಗಿಯ ಹೆಸರು, ಔಷಧದ ಹೆಸರು, ಯಾವಾಗ ತೆಗೆದುಕೊಳ್ಳಬೇಕು. ಮೇಲೆ ಹೇಳಿದ 1993ರ ಅಳತೆಯಲ್ಲಿ ಸರಿಯಾದ ಲೇಬಲ್ ಎಂದರೆ ಕನಿಷ್ಠ ಇಷ್ಟು. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಔಷಧದ ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ಇನ್ನೊಂದು ತುಂಡಿಗೆ ಹೋಗುತ್ತದೆ. ರೋಗಿಯ ಕೈಲಿ ಉಳಿಯುವುದು ಹೆಸರಿಲ್ಲದ ನಾಲ್ಕು ಮಾತ್ರೆ. ಅವರಿಗೆ ಅಲರ್ಜಿಯಾಗಿ ಬೇರೆ ಆಸ್ಪತ್ರೆಗೆ ಓಡಿದರೆ ಅಲ್ಲಿಯವರಿಗೆ ಯಾವ ಮಾತ್ರೆ ಎಂದು ತಿಳಿಯುವುದಾದರೂ ಹೇಗೆ? ಕವರಿನ ಮೇಲೆ ಬರೆದುಕೊಡಿ.

ಔಷಧ ಸ್ಟಾಕ್ ಇಲ್ಲದಿದ್ದಾಗ ಹೇಗೆ ಹೇಳಬೇಕು?

‘ಇಲ್ಲ, ಹೊರಗಡೆ ತಗೊಳ್ಳಿ’ ಎಂಬ ಮಾತಿನಿಂದ ರೋಗಿಗೆ ಆಗುವ ನೋವು ದೊಡ್ಡದು. ಸಮುದಾಯ ಕೇಂದ್ರಕ್ಕೆ ಬರುವ ಬಹುತೇಕರು ಹೊರಗೆ ಕೊಳ್ಳಲು ಕಷ್ಟ ಎಂದೇ ಇಲ್ಲಿಗೆ ಬಂದಿರುತ್ತಾರೆ. ಕೆಲವರು ಕೊಳ್ಳುತ್ತಾರೆ, ಕೆಲವರು ಅರ್ಧ ಕೊಳ್ಳುತ್ತಾರೆ, ಕೆಲವರು ಸುಮ್ನೆ ಮನೆಗೆ ಹೋಗುತ್ತಾರೆ.

ಹೇಳುವಾಗ ಮೂರು ವಿಷಯ ಇರಲಿ. ಬೇರೆ ಯಾವ ಔಷಧ ಕೊಡಬಹುದು ಎಂದು ವೈದ್ಯರನ್ನು ಕೇಳಿ ನೋಡುತ್ತೀರಾ? ಮತ್ತೆ ಯಾವಾಗ ಬರುತ್ತದೆ? ಅಲ್ಲಿಯವರೆಗೆ ಬಿಟ್ಟರೆ ಅಪಾಯವಿದೆಯಾ? ಫಿಟ್ಸ್ ಮಾತ್ರೆಯನ್ನು ಒಂದು ವಾರ ನಿಲ್ಲಿಸುವುದೂ, ವಿಟಮಿನ್ ಮಾತ್ರೆಯನ್ನು ನಿಲ್ಲಿಸುವುದೂ ಒಂದೇ ಅಲ್ಲ. ಇದನ್ನು ರೋಗಿಗೆ ಹೇಳಬೇಕಾದವರು ಕಿಟಕಿಯೊಳಗೆ ಇರುವವರೇ.

ಸ್ಟಾಕ್ ಖಾಲಿಯಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಕೆಲಸ. ಅಗತ್ಯ ಔಷಧಗಳ ಮಾದರಿ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಹೊರತಂದಿದ್ದು 1977ರಲ್ಲಿ. ಎಲ್ಲವನ್ನೂ ಇಡಲು ಆಗದಿದ್ದರೂ ತೀರಾ ಬೇಕಾದವು ಎಂದೂ ಖಾಲಿಯಾಗಬಾರದು ಎಂಬುದು ಅದರ ಆಶಯ. ಕೇಂದ್ರವೂ ತನ್ನ ಜನರ ಕಾಯಿಲೆ ನೋಡಿ ತನ್ನದೇ ಪಟ್ಟಿ ಮಾಡಿಕೊಳ್ಳಬಹುದು. ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಹೊಸದು ಬರಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರುವಾಗಲೇ ಬೇಡಿಕೆ ಕಳಿಸಬೇಕು. ಎಕ್ಸ್‌ಪೈರಿ ಹತ್ತಿರ ಇರುವುದು ಮೊದಲು ಹೊರಗೆ ಹೋಗಬೇಕು. ಇವತ್ತು ಸ್ಟಾಕ್ ಇಲ್ಲದ ಔಷಧಗಳ ಪಟ್ಟಿ ವೈದ್ಯರ ಮೇಜಿನ ಮೇಲೆ ಬೆಳಗ್ಗೆಯೇ ಇದ್ದರೆ ಅರ್ಧ ಗೋಳು ತಪ್ಪುತ್ತದೆ. ಇಷ್ಟು ಸುಲಭದ ಕೆಲಸವನ್ನೂ ಬಹಳ ಕಡೆ ಮಾಡುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ವಿಷಯ.

ಕಿಟಕಿಯಲ್ಲಿ ಎಲ್ಲರ ಮುಂದೆ ಕಾಯಿಲೆಯ ಮಾತು ಬರುತ್ತದೆ. ಇದನ್ನೂ ತೃಪ್ತಿಯ ಲೆಕ್ಕಕ್ಕೆ ಸೇರಿಸಬೇಕಾ?

ಖಂಡಿತ. ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭನಿರೋಧಕ, ಕ್ಷಯ, ಇವುಗಳ ಔಷಧವನ್ನು ಗಟ್ಟಿ ದನಿಯಲ್ಲಿ ಹೆಸರು ಕೂಗಿ ಕೊಟ್ಟರೆ ಆ ವ್ಯಕ್ತಿ ಮತ್ತೆ ಬರುವುದು ಅನುಮಾನ. ಬೇರೆ ಕೋಣೆ ಇಲ್ಲದಿದ್ದರೂ ಪಕ್ಕದಲ್ಲಿ ಒಂದು ಮರೆ ಕಟ್ಟಬಹುದು. ಸರದಿಯನ್ನು ಕಿಟಕಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಬಹುದು. ಹೆಸರಿನ ಬದಲು ಟೋಕನ್ ನಂಬರ್ ಕರೆದು, ಹತ್ತಿರ ಬಂದ ಮೇಲೆ ಮೆಲ್ಲಗೆ ಹೆಸರು ಕೇಳಿ ಖಚಿತ ಮಾಡಿಕೊಳ್ಳಬಹುದು.

ಸಮೀಕ್ಷೆಗೆ ಪ್ರಶ್ನೆಗಳನ್ನು ಎಲ್ಲಿಂದ ತರುವುದು?

ಹೆಚ್ಚಿನವರು ಬಳಸುವುದು ಸರ್ವ್‌ಕ್ವಾಲ್ ಎಂಬ ಮಾದರಿ. ಪರಶುರಾಮನ್, ಝೀಥಾಮಲ್, ಬೆರಿ ಎಂಬ ಮೂವರು ಇದನ್ನು 1988ರಲ್ಲಿ ರೂಪಿಸಿದರು. ಇದರಲ್ಲಿ 22 ಅಂಶಗಳು, ಐದು ಮುಖಗಳು. ಕಣ್ಣಿಗೆ ಕಾಣುವ ವ್ಯವಸ್ಥೆ, ಹೇಳಿದ್ದನ್ನು ಸರಿಯಾಗಿ ಮಾಡುವ ಭರವಸೆ, ತಕ್ಷಣ ಸ್ಪಂದಿಸುವುದು, ಸಿಬ್ಬಂದಿಯ ತಿಳಿವಳಿಕೆಯಿಂದ ಹುಟ್ಟುವ ವಿಶ್ವಾಸ, ರೋಗಿಯ ಕಷ್ಟ ಅರಿತು ನಡೆಯುವುದು. ಇದು ಮೂಲದಲ್ಲಿ ಎಲ್ಲಾ ಬಗೆಯ ಗ್ರಾಹಕ ಸೇವೆಗಳಿಗೆ ಮಾಡಿದ್ದು. ಔಷಧ ಸೇವೆಗೆ ಹೊಂದಿಸದೆ ಹಾಗೇ ಎತ್ತಿಕೊಂಡರೆ ಗೋಡೆಯ ಬಣ್ಣದ ಬಗ್ಗೆ ಕೇಳುತ್ತೀರಿ, ಡೋಸ್ ಬಗ್ಗೆ ಕೇಳುವುದಿಲ್ಲ.

ಫಾರ್ಮಸಿಗೆಂದೇ ಮಾಡಿದ ಪ್ರಶ್ನಾವಳಿಗಳೂ ಇವೆ. ಲಾರ್ಸನ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ್ದು ತೃಪ್ತಿಯನ್ನು ಎರಡು ಭಾಗ ಮಾಡುತ್ತದೆ. ಒಂದು, ಸ್ನೇಹದಿಂದ ವಿವರಿಸುವುದು. ಇನ್ನೊಂದು, ರೋಗಿಯ ಚಿಕಿತ್ಸೆಯ ಹೊಣೆಯಲ್ಲಿ ಪಾಲು ತೆಗೆದುಕೊಳ್ಳುವುದು. ನನಗೆ ಈ ವಿಂಗಡಣೆ ಹೆಚ್ಚು ಹಿಡಿಸುತ್ತದೆ. ಮುಗುಳ್ನಗೆ ಇದ್ದೂ ಹೊಣೆ ಇಲ್ಲದ ಕೌಂಟರ್ ಅನ್ನು ಇದು ಬೇಗ ತೋರಿಸಿಕೊಡುತ್ತದೆ.

ಯಾವುದನ್ನೇ ಆರಿಸಿದರೂ ಮೊದಲು ಹತ್ತಿಪ್ಪತ್ತು ಜನರ ಹತ್ತಿರ ಕೇಳಿ ನೋಡಿ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. ‘ಸಿಬ್ಬಂದಿ ವಿನಯದಿಂದ ಮತ್ತು ಬೇಗ ಸೇವೆ ಕೊಟ್ಟರಾ?’ ಎಂದರೆ ವಿನಯ ಇತ್ತು, ಬೇಗ ಆಗಲಿಲ್ಲ ಎನ್ನುವವರು ಏನು ಗುರುತು ಹಾಕಬೇಕು?

ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಇದನ್ನು ನಂಬಬಹುದಾ?

ಅರ್ಧ ಮಾತ್ರ ನಂಬಿ. ಕೇಳುವವರು ಬಿಳಿ ಕೋಟು ಹಾಕಿ, ಔಷಧದ ಕಿಟಕಿಯ ಪಕ್ಕದಲ್ಲೇ ನಿಂತಿದ್ದರೆ ರೋಗಿ ಇನ್ನೇನು ಹೇಳಿಯಾರು? ಮುಂದಿನ ತಿಂಗಳೂ ಅದೇ ಕಿಟಕಿಗೆ ಬರಬೇಕಲ್ಲ. ಮುಖ ನೋಡಿ ಬೇಡದ್ದು ಹೇಳಬಾರದು ಎಂಬ ದಾಕ್ಷಿಣ್ಯ ಬೇರೆ. ಉಚಿತವಾಗಿ ಸಿಗುವುದನ್ನು ಹಳಿಯುವುದು ಸರಿಯಲ್ಲ ಎಂಬ ಅಳುಕೂ ಇರುತ್ತದೆ.

ಇದನ್ನು ಪೂರ್ತಿ ಹೋಗಲಾಡಿಸಲು ಆಗದು, ಕಡಿಮೆ ಮಾಡಬಹುದು. ಕೇಂದ್ರದ ಸಿಬ್ಬಂದಿಯಲ್ಲದವರು ಕೇಳಲಿ. ಗೇಟಿನ ಹೊರಗೆ ಕೇಳಲಿ. ಹೆಸರು ಬರೆಯಬೇಡಿ, ಬರೆಯುವುದಿಲ್ಲ ಎಂದು ಹೇಳಿ. ಅಭಿಪ್ರಾಯದ ಜೊತೆ ನಡೆದದ್ದನ್ನು ಕೇಳಿ. ‘ತೃಪ್ತಿಯಾಯಿತಾ?’ ಎಂಬುದಕ್ಕೆ ದಾಕ್ಷಿಣ್ಯದ ಉತ್ತರ ಬರುತ್ತದೆ. ‘ಇವತ್ತು ಬರೆದ ಔಷಧಗಳಲ್ಲಿ ಎಷ್ಟು ಸಿಕ್ಕವು? ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ಯಾರಾದರೂ ಹೇಳಿದರಾ?’ ಎಂಬುದಕ್ಕೆ ನಿಜ ಬರುತ್ತದೆ.

ನಾನು ಒತ್ತಿ ಹೇಳುವ ಒಂದು ಕ್ರಮ ಇದೆ. ಅದೇ ರೋಗಿಯ ಕೈಲಿರುವ ಪೊಟ್ಟಣ ತೋರಿಸಿ, ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿ ಚೀಟಿಯ ಜೊತೆ ತಾಳೆ ನೋಡಿ. ನೂರು ಜನರಲ್ಲಿ ತೊಂಬತ್ತು ಮಂದಿ ತೃಪ್ತಿ ಎಂದರು, ಆದರೆ ಡೋಸ್ ಸರಿಯಾಗಿ ಹೇಳಿದವರು ನಲವತ್ತೇ ಮಂದಿ ಎಂದುಕೊಳ್ಳಿ. ನಿಮಗೆ ಬೇಕಾದ ಸುದ್ದಿ ಆ ಐವತ್ತು ಜನರ ಅಂತರದಲ್ಲಿದೆ. ಎರಡೂ ಅಂಕಿಗಳನ್ನು ಒಂದೇ ಪುಟದಲ್ಲಿ, ಅಕ್ಕಪಕ್ಕದಲ್ಲಿ ಪ್ರಕಟಿಸಿ.

ಇನ್ನೊಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ. ಕಾದು ಸಾಕಾಗಿ ಔಷಧ ತೆಗೆದುಕೊಳ್ಳದೆ ಹೋದವರು, ಎರಡು ತಿಂಗಳಿಂದ ಬರುವುದನ್ನೇ ಬಿಟ್ಟವರು. ಗೇಟಿನಲ್ಲಿ ನಿಂತು ಕೇಳುವ ಸಮೀಕ್ಷೆಯಲ್ಲಿ ಇವರು ಸಿಗುವುದೇ ಇಲ್ಲ. ಹಳೆಯ ನೋಂದಣಿ ಪುಸ್ತಕ ತೆಗೆದು, ಬರುವುದು ನಿಲ್ಲಿಸಿದ ಕೆಲವರನ್ನಾದರೂ ವಿಚಾರಿಸಿ.

ಎಷ್ಟು ಜನರನ್ನು ಕೇಳಬೇಕು? ಎಲ್ಲರೂ 384 ಎನ್ನುತ್ತಾರಲ್ಲ?

ಆ ಸಂಖ್ಯೆ ಒಂದು ಸೂತ್ರದಿಂದ ಬರುತ್ತದೆ. ಶೇಕಡಾ 95 ವಿಶ್ವಾಸ (ಇಂಥ ಸಮೀಕ್ಷೆ ನೂರು ಸಲ ಮಾಡಿದರೆ ಸುಮಾರು ತೊಂಬತ್ತೈದು ಸಲ ಲೆಕ್ಕ ಸರಿ ಬರುವುದು), ಉತ್ತರದಲ್ಲಿ ಶೇಕಡಾ 5 ಹೆಚ್ಚುಕಮ್ಮಿ, ಅರ್ಧ ಜನ ತೃಪ್ತರು ಎಂದು ಹಿಡಿದರೆ ಲೆಕ್ಕ 384ಕ್ಕೆ ನಿಲ್ಲುತ್ತದೆ. ಒಟ್ಟು ಬರುವ ರೋಗಿಗಳೇ 1,000 ಇದ್ದರೆ ಸುಮಾರು 278 ಸಾಕು. ಕೇಂದ್ರದೊಳಗಿನ ಸುಧಾರಣೆಗೆ ಇಷ್ಟೂ ಬೇಡ. ತಿಂಗಳಿಗೆ ಮೂವತ್ತು ಜನರನ್ನು ಬಿಡದೆ ಕೇಳುತ್ತಾ ಹೋಗುವುದು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ಮಾಡಿ ಕಪಾಟಿನಲ್ಲಿಡುವುದಕ್ಕಿಂತ ಒಳ್ಳೆಯದು.

ಸಂಖ್ಯೆಗಿಂತ ಆಯ್ಕೆ ಮುಖ್ಯ. ಮಧ್ಯಾಹ್ನ ಬಿಡುವಿನಲ್ಲಿ ಬಂದವರನ್ನಷ್ಟೇ ಕೇಳಿದರೆ ಬೆಳಗಿನ ನೂಕುನುಗ್ಗಲು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಐದನೆಯವರನ್ನು ಕೇಳುವ ನಿಯಮ ಹಾಕಿಕೊಳ್ಳಿ, ಮಾತಿಗೆ ಸಿಗುವವರನ್ನು ಆರಿಸಬೇಡಿ.

ತೃಪ್ತಿ ಜಾಸ್ತಿ ಇದ್ದರೆ ಚಿಕಿತ್ಸೆಯೂ ಚೆನ್ನಾಗಿದೆ ಎಂದು ಹೇಳಬಹುದಾ?

ಹೇಳುವಂತಿಲ್ಲ. ನೆಗಡಿಗೆ ಆಂಟಿಬಯೋಟಿಕ್ ಬೇಕು ಎಂದು ಬಂದವರಿಗೆ ಕೊಟ್ಟು ಕಳಿಸಿದರೆ ಅವರು ಸಂತೋಷಪಡುತ್ತಾರೆ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಸುಮ್ನೆ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಆಗುತ್ತವೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿ ತೃಪ್ತ ರೋಗಿಗಳ ಗುಂಪಿನಲ್ಲಿ ಖರ್ಚೂ ಜಾಸ್ತಿ, ಸಾವಿನ ಪ್ರಮಾಣವೂ ಜಾಸ್ತಿ ಕಂಡಿತು. ತೃಪ್ತಿಯಿಂದಲೇ ಹಾಗಾಯಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಅಂಕ ಏರಿಸುವುದನ್ನೇ ಗುರಿ ಮಾಡಿಕೊಳ್ಳಬಾರದು ಎಂಬ ಎಚ್ಚರಿಕೆಗೆ ಅಷ್ಟು ಸಾಕು.

ಫಾರ್ಮಸಿಸ್ಟ್ ‘ಇದು ಬೇಡ’ ಎಂದು ಹೇಳಿಯೂ ರೋಗಿ ಸಮಾಧಾನದಿಂದ ಹೋಗಬಹುದು. ಕಾರಣ ಹೇಳಬೇಕು, ಎಷ್ಟು ದಿನಕ್ಕೆ ಕಡಿಮೆಯಾಗುತ್ತದೆ ಎನ್ನಬೇಕು, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಎಂದು ತಿಳಿಸಬೇಕು. ಅಂಥ ತೃಪ್ತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅಂಕ ಕಡಿಮೆ ಬಂದರೆ ಅದು ಸಿಬ್ಬಂದಿಯ ತಪ್ಪೇ?

ಹೆಚ್ಚಿನ ಸಲ ಅಲ್ಲ. ಒಬ್ಬರೇ ಚೀಟಿ ಓದಿ, ಔಷಧ ಹುಡುಕಿ, ಎಣಿಸಿ, ರಿಜಿಸ್ಟರ್ ಬರೆದು, ಕೊಟ್ಟು, ಮಾತೂ ಆಡಬೇಕು ಎಂದರೆ ಮೊದಲು ಬಿಟ್ಟುಹೋಗುವುದು ಮಾತು. ಆರೋಗ್ಯ ಸೇವೆಯ ಗುಣಮಟ್ಟವನ್ನು ಇರುವ ವ್ಯವಸ್ಥೆ, ನಡೆಯುವ ರೀತಿ, ಸಿಗುವ ಫಲ ಎಂದು ಮೂರಾಗಿ ನೋಡಬೇಕು ಎಂದು ಅವೆಡಿಸ್ ಡೊನಬೇಡಿಯನ್ 1966ರಲ್ಲೇ ಬರೆದಿದ್ದರು. ವ್ಯವಸ್ಥೆಯಲ್ಲಿ ಕೊರತೆ ಇಟ್ಟುಕೊಂಡು ನಡೆಯುವ ರೀತಿಯನ್ನಷ್ಟೇ ಬೈದರೆ ಸಿಬ್ಬಂದಿ ಸಮೀಕ್ಷೆಯನ್ನೇ ದ್ವೇಷಿಸಲು ಶುರುಮಾಡುತ್ತಾರೆ. ಅಂಕಿಗಳನ್ನು ಮೊದಲು ಅವರ ಮುಂದೆ ಇಡಿ, ಏನು ಬದಲಿಸಿದರೆ ಅನುಕೂಲ ಎಂದು ಅವರನ್ನೇ ಕೇಳಿ. ಬರೆಯುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟರೆ ಫಾರ್ಮಸಿಸ್ಟರಿಗೆ ತಲೆಯೆತ್ತಿ ರೋಗಿಯ ಮುಖ ನೋಡಲು ಸಮಯ ಸಿಗುತ್ತದೆ.

ಗದರುವುದು, ಅವಮಾನಿಸುವುದು ಮಾತ್ರ ಬೇರೆ ವಿಷಯ. ಕೆಲಸದ ಒತ್ತಡ ಅದಕ್ಕೆ ನೆಪವಾಗಬಾರದು.

ಸಮೀಕ್ಷೆ ಮುಗಿಯಿತು. ಮುಂದೇನು?

ರೋಗಿಗಳಿಗೆ ತುಂಬಾ ಮುಖ್ಯ, ಆದರೆ ಕೇಂದ್ರ ಹಿಂದೆ ಬಿದ್ದಿದೆ, ಇಂಥವು ಯಾವುವು ಎಂದು ಹುಡುಕಿ. ಅಲ್ಲಿಂದ ಶುರುಮಾಡಿ. ಎರಡಕ್ಕಿಂತ ಜಾಸ್ತಿ ವಿಷಯ ಒಮ್ಮೆಗೇ ಹಿಡಿಯಬೇಡಿ. ಸರಾಸರಿಯನ್ನು ಒಡೆದು ನೋಡಿ. ಬೆಳಗ್ಗೆ, ಮಧ್ಯಾಹ್ನ, ಹೆಂಗಸರು, ಗಂಡಸರು, ವಯಸ್ಸಾದವರು, ಮೊದಲ ಸಲ ಬಂದವರು. ಐದರಲ್ಲಿ ನಾಲ್ಕು ಎಂಬ ಸರಾಸರಿಯ ಕೆಳಗೆ ಒಂದು ಗುಂಪು ಎರಡು ಕೊಟ್ಟು ಮೌನವಾಗಿರಬಹುದು. ಬದಲಾವಣೆ ಮಾಡಿದ ಮೇಲೆ ಗೋಡೆಯ ಮೇಲೆ ಬರೆದು ಹಾಕಿ: ‘ನೀವು ಹೀಗೆ ಹೇಳಿದಿರಿ, ನಾವು ಹೀಗೆ ಮಾಡಿದೆವು.’ ಹೇಳಿದ್ದಕ್ಕೆ ಫಲ ಕಂಡರೆ ಮುಂದಿನ ಸಲ ಜನ ನಿಜ ಹೇಳುತ್ತಾರೆ.

ನಾನು ರೋಗಿ. ಕಿಟಕಿಯಲ್ಲಿ ಏನು ಕೇಳಬಹುದು? ಕೇಳಿದರೆ ಬೈಯ್ಯುತ್ತಾರೇನೋ?

ಕೇಳುವುದು ನಿಮ್ಮ ಹಕ್ಕು. ಔಷಧದ ಜೊತೆ ಅದರ ಮಾಹಿತಿ ಕೊಡುವುದೂ ಫಾರ್ಮಸಿಸ್ಟರ ಕೆಲಸ ಎಂದು ಅಂತಾರಾಷ್ಟ್ರೀಯ ಫಾರ್ಮಸಿ ಒಕ್ಕೂಟ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯಲ್ಲೇ ಇದೆ.

ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಔಷಧಗಳನ್ನು, ನಾಟಿ ಔಷಧವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಕೇಳುವ ಮೊದಲೇ ಹೇಳಿ. ‘ಇದು ಯಾತಕ್ಕೆ, ಎಷ್ಟು ದಿನ, ಏನಾದರೂ ಆದರೆ ಯಾರ ಹತ್ತಿರ ಬರಲಿ’ ಎಂದು ಕೇಳಿ. ಕಿಟಕಿ ಬಿಡುವ ಮುನ್ನ ಪೊಟ್ಟಣದ ಮೇಲೆ ನಿಮ್ಮ ಹೆಸರೇ ಇದೆಯಾ ಎಂದು ನೋಡಿಕೊಳ್ಳಿ. ಮನೆಗೆ ಹೋದ ಮೇಲೆ ಅನುಮಾನ ಬಂದರೆ ಅಂದಾಜಿನ ಮೇಲೆ ನುಂಗಬೇಡಿ, ವಾಪಸ್ ಹೋಗಿ ಕೇಳಿ. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಆ ಔಷಧವನ್ನು ಮತ್ತೆ ತೆಗೆದುಕೊಳ್ಳದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ, ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ದೂರು ಕೊಟ್ಟರೆ ಮುಂದಿನ ಸಲ ತೊಂದರೆ ಕೊಡುತ್ತಾರಾ?

ಈ ಭಯ ನಿಜವಾದದ್ದು, ಅದನ್ನು ಹೋಗಲಾಡಿಸುವ ಹೊಣೆ ಕೇಂದ್ರದ್ದು. ಪೆಟ್ಟಿಗೆಯ ಬೀಗದ ಕೈ ಔಷಧ ವಿಭಾಗದವರ ಬಳಿ ಇರಬಾರದು. ಹೆಸರು ಬರೆಯದೆಯೂ ದೂರು ಹಾಕಲು ಆಗಬೇಕು. ದೂರುವವರು ದಿನ, ಹೊತ್ತು, ಔಷಧದ ಹೆಸರು, ನಡೆದದ್ದು ಇಷ್ಟನ್ನು ಬರೆದರೆ ಪರಿಶೀಲಿಸಲು ಸುಲಭ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರನ್ನು ಗೊತ್ತುಮಾಡಿ, ಅವರು ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂಬುದನ್ನು ಕಿಟಕಿಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿ.